ಷೇರುಪೇಟೆ ಕುಸಿದಾಗ ಯಾರನ್ನು ಕೇಳಬೇಕು?

2020ರ ಮಾರ್ಚ್ 23ರಂದು ಮುಂಬಯಿ ಪೇಟೆಯ ಸೂಚ್ಯಂಕವಾದ ಸೆನ್ಸೆಕ್ಸ್ ಒಂದೇ ದಿನ 3,935 ಅಂಶ, ಎಂದರೆ ನೂರಕ್ಕೆ ಹದಿಮೂರರಷ್ಟು, ಇಳಿದು 25,981ಕ್ಕೆ ನಿಂತಿತು. ನಿವೃತ್ತರಾದ ನನ್ನ ಮಿತ್ರರೊಬ್ಬರು ಅಂದು ನಾಲ್ವರನ್ನು ವಿಚಾರಿಸಿದರು. ನಾಲ್ಕು ಬಗೆಯ ಉತ್ತರ ಬಂದುವು. (ಪೇಟೆ ಬಿದ್ದ ದಿನ ಪಂಡಿತರಿಗೆ ಬರವಿಲ್ಲ!) "ಈ ಹಣ ತಮಗೆ ಎಂದು ಬೇಕು?" ಎಂದು ಮಾತ್ರ ಒಬ್ಬರೂ ಕೇಳಲಿಲ್ಲ. ಐದು ವರ್ಷ ಬೇಡದಿದ್ದ ಹಣವದು. ಹೆದರಿ ಎಲ್ಲವನ್ನೂ ಮಾರಿಬಿಟ್ಟರು. ಅದೇ ನವೆಂಬರಿನಲ್ಲಿ ಸೂಚ್ಯಂಕ 42,000ವನ್ನು ದಾಟಿತು.

ಹಾಗೆಂದು ಬಿದ್ದುದೆಲ್ಲ ಏಳುತ್ತದೆಂದು ತಾವು ತಿಳಿಯಬಾರದು. ಸೂಚ್ಯಂಕ ಚೇತರಿಸಿಕೊಂಡರೂ ಕೆಲವು ಕಂಪನಿಗಳ ಷೇರು ಮೇಲೇಳುವುದೇ ಇಲ್ಲ. ಬರುವ ವರ್ಷದ ಮದುವೆಗೋ ಮನೆಗೋ ಬೇಕಾದ ಹಣವನ್ನಂತೂ ಷೇರಿನಲ್ಲಿ ಇಡಲೇಬಾರದು.

ಸಲಹೆಗಾರನ ಸಂಪಾದನೆ ಎಲ್ಲಿಂದ ಎಂಬುದನ್ನೂ ನೋಡಿರಿ. ದಲ್ಲಾಳಿಗೆ ಸಾಮಾನ್ಯವಾಗಿ ತಾವು ಕೊಂಡರೂ ಕಮಿಷನ್, ಮಾರಿದರೂ ಕಮಿಷನ್; ಸುಮ್ಮನಿದ್ದರೆ ಮಾತ್ರ ಏನೂ ಇಲ್ಲ. ಶುಲ್ಕ ಪಡೆದು ಹೂಡಿಕೆಯ ಸಲಹೆ ಕೊಡುವುದನ್ನೇ ವೃತ್ತಿಯಾಗಿ ಮಾಡಿಕೊಂಡವರು ಸೆಬಿ ಸಂಸ್ಥೆಯಲ್ಲಿ ನೋಂದಾಯಿತರಾಗಿರಬೇಕೆಂಬ ನಿಯಮ 2013ರಲ್ಲಿ ಬಂದಿದೆ. ಸಂಕೋಚಪಡದೆ ಅವರ ನೋಂದಣಿ ಸಂಖ್ಯೆಯನ್ನು ಮೊದಲೇ ಕೇಳಿ ಬರೆದುಕೊಳ್ಳಿರಿ.