ನಮ್ಮೂರ ತಲೆಯ ಮೇಲೆ ಹಾದುಹೋದ ಕರೆಂಟು

ಮಳವಳ್ಳಿ ಕಡೆಯವರು ಶಿವನಸಮುದ್ರದ ವಿದ್ಯುದಾಗಾರಕ್ಕೆ ವಿದ್ಯುದಾಗಾರ ಎನ್ನುವುದಿಲ್ಲ. ಅದು ಬ್ಲಫ್. ಅಲ್ಲಿ ಕೆಲಸಕ್ಕಿದ್ದವರು ಬ್ಲಫ್‌ನೋರು, ಅಲ್ಲಿಗೆ ಹೋಗುವ ಬಸ್ಸು ಬ್ಲಫ್ ಬಸ್ಸು. ನಾನು ಚಿಕ್ಕವನಿದ್ದಾಗ ಅಜ್ಜಿ ಮನೆಯ ಜಗುಲಿಯಲ್ಲಿ ಕೂತರೆ ಹೊಲಗಳಾಚೆ ಬ್ಲಫ್‌ನಿಂದ ಬಂದ ತಂತಿಗಳು ಕಂಬದಿಂದ ಕಂಬಕ್ಕೆ ಜೋತುಬಿದ್ದು ಬಡಗಣಕ್ಕೆ ಹೋಗುವುದು ಕಾಣುತ್ತಿತ್ತು. ಜಗುಲಿಯ ಗೂಡಿನಲ್ಲಿ ಸೀಮೆಎಣ್ಣೆ ಬುಡ್ಡಿ ಉರಿಯುತ್ತಿತ್ತು. ಅದರ ಹೊಗೆಗೆ ಗೂಡಿನ ಮೇಲುಭಾಗ ಕಾವಲಿಯ ತಳದಂತೆ ಕಪ್ಪಾಗಿತ್ತು. ಕರೆಂಟು ನಮಗೆ ಯಾವಾಗ ಬರುತ್ತದೆ ಎಂದು ಕೇಳಿದರೆ ಅಜ್ಜಿ, "ನಮ್ ಹೊಳೆ ನೀರಲ್ಲೇ ಹುಟ್ಟಿ ನಮ್ ತಲೆ ಮ್ಯಾಗೇ ಹೊಂಟೋಯ್ತದೆ ಕನ್ ಮಗಾ, ನಮ್ಮನೆ ಬಾಗ್ಲು ಮಾತ್ರ ತಟ್ಟಾಕಿಲ್ಲ" ಎನ್ನುತ್ತಿದ್ದಳು. ಕೊನೆಗೆ ಭಾಗ್ಯಜ್ಯೋತಿ ಯೋಜನೆಯಲ್ಲಿ ಒಂದು ಬಲ್ಬು ಬಂತು. ಅಷ್ಟು ಹೊತ್ತಿಗೆ ಅವಳ ಕಣ್ಣಿಗೆ ಪೊರೆ ಬಂದಿತ್ತು.

ಅಜ್ಜಿಯ ಮನೆ ಬಾಗಿಲು ತಟ್ಟದ ಆ ಕರೆಂಟು ಯಾರ ಮನೆಗೆ ಹೋಗುತ್ತಿತ್ತು ಎಂಬುದನ್ನು ನಾನು ದೊಡ್ಡವನಾದ ಮೇಲೆ ಹುಡುಕಿದೆ. ಹುಡುಕಾಟದಲ್ಲಿ ಸಿಕ್ಕವನು ಒಬ್ಬ ಸೈನಿಕ ಎಂಜಿನಿಯರ್.

ಅವನ ಹೆಸರು ಅಲೆನ್ ಜೋಲಿ ಡಿ ಲಾಟ್ಬಿನಿಯರ್. ಹುಟ್ಟಿದ್ದು ಕೆನಡಾದ ಕ್ವಿಬೆಕ್‌ನಲ್ಲಿ, ಸೇರಿದ್ದು ಬ್ರಿಟಿಷರ ರಾಯಲ್ ಎಂಜಿನಿಯರ್ಸ್ ದಳವನ್ನು, ಬಂದು ನಿಂತದ್ದು ಮೈಸೂರು ಸಂಸ್ಥಾನದ ಲೋಕೋಪಯೋಗಿ ಇಲಾಖೆಯಲ್ಲಿ. ಅವನ ತಂದೆ ಕ್ವಿಬೆಕ್ ಪ್ರಾಂತ್ಯದ ಪ್ರಧಾನಿಯಾಗಿದ್ದವರು. ಕಾಡು ಉಳಿಸಬೇಕೆಂದು ಆ ಕಾಲಕ್ಕೇ ಸಾರಿ, ಕೆನಡಾದ ಅರಣ್ಯ ಸಂಘಕ್ಕೆ ಮೊದಲ ಅಧ್ಯಕ್ಷರಾದವರು. ಅಂಥವರ ಮಗ ಕಾವೇರಿ ಎರಡು ಕವಲಾಗಿ ಗಗನಚುಕ್ಕಿ, ಭರಚುಕ್ಕಿಗಳಲ್ಲಿ ಧುಮುಕುವುದನ್ನು ನೋಡಿದ. ನದಿಯನ್ನು ಮೇಲಿನಿಂದಲೇ ಕಾಲುವೆಗೆ ತಿರುಗಿಸಿ ಸುಮಾರು 400 ಅಡಿ ಕೆಳಗೆ ಕೊಳವೆಯಲ್ಲಿ ಇಳಿಸಿದರೆ ಎಷ್ಟು ಶಕ್ತಿ ಹುಟ್ಟೀತು ಎಂದು ಲೆಕ್ಕ ಹಾಕಿದ.

ಲೆಕ್ಕ ಸರಿಯಿತ್ತು. ಆದರೆ ಆ ಶಕ್ತಿಯನ್ನು ಕೊಳ್ಳುವವರು ಯಾರು? ಸುತ್ತಮುತ್ತ ಇದ್ದದ್ದು ರಾಗಿ ಹೊಲ, ಕುರುಚಲು ಕಾಡು. ದೊಡ್ಡ ಗಿರಾಕಿ ಇದ್ದದ್ದು 92 ಮೈಲಿ ದೂರದಲ್ಲಿ. ಅದು ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯ ಆಡಳಿತದಲ್ಲಿದ್ದ ಕೋಲಾರದ ಚಿನ್ನದ ಗಣಿಗಳು. ಅಲ್ಲಿ ಕಲ್ಲು ಕುಟ್ಟುವುದೂ ಆಳದಿಂದ ನೀರೆತ್ತುವುದೂ ಹಬೆ ಯಂತ್ರಗಳಿಂದ ನಡೆಯುತ್ತಿತ್ತು. ಆ ಯಂತ್ರಗಳು ಕಲ್ಲಿದ್ದಲನ್ನೂ ಸೌದೆಯನ್ನೂ ನುಂಗುತ್ತಿದ್ದವು. ನಯಾಗರಾದಿಂದ ಬಫಲೋ ನಗರಕ್ಕೆ 1896ರಲ್ಲಿ ವಿದ್ಯುತ್ ಹರಿದಾಗ ಜಗತ್ತು ಬೆರಗಾಗಿತ್ತು. ಆ ದೂರ 40 ಕಿ.ಮೀ. ಆಸುಪಾಸು. ಇವನು ಕೇಳಿದ್ದು 148 ಕಿ.ಮೀ.

ದಿವಾನ್ ಶೇಷಾದ್ರಿ ಅಯ್ಯರ್ ಅವನ ಬೆನ್ನಿಗೆ ನಿಂತರು. ಜೋಲಿ ಅಮೆರಿಕ, ಯುರೋಪ್ ಸುತ್ತಿ ಬಂದ. ಜನರೇಟರುಗಳಿಗೆ ಅಮೆರಿಕದ ಜನರಲ್ ಎಲೆಕ್ಟ್ರಿಕ್, ಟರ್ಬೈನುಗಳಿಗೆ ಜ್ಯೂರಿಕ್‌ನ ಎಷರ್ ವಿಸ್ ಕಂಪನಿ ಗೊತ್ತಾಯಿತು. ಗಣಿಯವರೊಂದಿಗೆ ದೀರ್ಘಾವಧಿಯ ಕರಾರಾಯಿತು. ಮದರಾಸು ಸರ್ಕಾರದ ಒಪ್ಪಿಗೆಯೂ ಬೇಕಿತ್ತು, ಏಕೆಂದರೆ ಹೊಳೆಯ ಆಚೆ ದಡದ ಕೊಳ್ಳೇಗಾಲ ಆಗ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಯಂತ್ರಗಳ ಭಾರೀ ಭಾಗಗಳು ರೈಲಿನಲ್ಲಿ ಮದ್ದೂರಿಗೆ ಬಂದು ಅಲ್ಲಿಂದ ಮುಂದೆ ಎತ್ತಿನ ಗಾಡಿಗಳಲ್ಲಿ ಸಾಗಿದವು. ಜಗತ್ತಿನ ಅತಿ ಹೊಸ ತಂತ್ರಜ್ಞಾನವನ್ನು ಕಣಿವೆಯ ಅಂಚಿಗೆ ಮುಟ್ಟಿಸಿದ್ದು ನಮ್ಮ ಸೀಮೆಯ ಎತ್ತುಗಳ ಹೆಗಲು.

1902ರ ಜೂನ್ 30ರಂದು ಕೋಲಾರಕ್ಕೆ ಕರೆಂಟು ಹರಿಯಿತು. ಆಗ ಅದು ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಒಂದು. ಬ್ಲಫ್‌ನ ಆರು ಯಂತ್ರಗಳ ಒಟ್ಟು ಬಲ 4.3 ಮೆಗಾವಾಟ್. ಶೇಷಾದ್ರಿ ಅಯ್ಯರ್ ಅದನ್ನು ಕಾಣಲಿಲ್ಲ. ಹಿಂದಿನ ವರ್ಷದ ಸೆಪ್ಟೆಂಬರಿನಲ್ಲೇ ತೀರಿಕೊಂಡಿದ್ದರು. ಜೋಲಿ ಮುಂದೆ ಕಾಶ್ಮೀರಕ್ಕೆ ಹೋಗಿ ಝೇಲಮ್ ನದಿಯ ಮೇಲೆ ಮೊಹೋರಾ ವಿದ್ಯುದಾಗಾರ ಕಟ್ಟಿದ.

ಈ ಎಂಜಿನಿಯರನ ಬಗ್ಗೆ ನನಗೆ ಗೌರವವಿದೆ. ಅವನ ತಂತಿ ಗಣಿಯಲ್ಲಿ ಸುಡುವ ಸೌದೆಯನ್ನೂ ಕಲ್ಲಿದ್ದಲ ಹೊಗೆಯನ್ನೂ ಕಡಿಮೆ ಮಾಡಿತು. ಇಂದಿನ ಮಾತಿನಲ್ಲಿ ಹೇಳುವುದಾದರೆ ಅದು ಹಸಿರು ಶಕ್ತಿ. ನನ್ನನ್ನು ಕಾಡುವುದು ತಂತಿ ಹೋದ ದಾರಿ. ಬೆಂಗಳೂರಿನ ಕೆ.ಆರ್. ಮಾರುಕಟ್ಟೆ ಬಳಿ ವಿದ್ಯುತ್ ಬೀದಿದೀಪ ಹೊತ್ತಿದ್ದು 1905ರ ಆಗಸ್ಟ್ 5ರಂದು. ಪ್ರತಿ ಆಗಸ್ಟಿನಲ್ಲೂ ಅದನ್ನು ನೆನೆದು ಹೆಮ್ಮೆಪಡುತ್ತೇವೆ. ಅದಕ್ಕೂ ಮೂರು ವರ್ಷ ಮೊದಲೇ ಕಾವೇರಿಯ ಕರೆಂಟು ಕೋಲಾರದಲ್ಲಿ ಕಲ್ಲು ಪುಡಿಮಾಡುತ್ತಿತ್ತೆಂಬುದನ್ನು ಆ ದಿನ ಯಾರೂ ಎತ್ತುವುದಿಲ್ಲ. ಅರಮನೆಯ ಮೈಸೂರಿಗೆ ಅದು ಬಂದದ್ದು 1908ರಲ್ಲಿ. ಬ್ಲಫ್‌ನ ಮಗ್ಗುಲ ಹಳ್ಳಿಗಳ ಸರದಿ ಬರಲು ಇನ್ನೂ ಹಲವು ದಶಕ ಕಾಯಬೇಕಾಯಿತು. ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆಯನ್ನು ನಮ್ಮ ಸೀಮೆಯವರು ಬದುಕಿ ತೋರಿಸಿದ್ದಾರೆ.

ಗಣಿಗೆ ಹೆಚ್ಚು ಹೆಚ್ಚು ಕರೆಂಟು ಬೇಕಾಯಿತು. ಬೇಸಗೆಯಲ್ಲಿ ಹೊಳೆ ಬತ್ತಿದರೆ ಬ್ಲಫ್‌ನ ಯಂತ್ರಗಳು ಸೊರಗುತ್ತಿದ್ದವು. ವಿಶ್ವೇಶ್ವರಯ್ಯನವರು ಕಟ್ಟಿಸಿದ ಕನ್ನಂಬಾಡಿ ಕಟ್ಟೆಯ ಉದ್ದೇಶ ಮಂಡ್ಯದ ಗದ್ದೆಗಳಿಗೆ ನೀರು ಕೊಡುವುದೊಂದೇ ಆಗಿರಲಿಲ್ಲ. ವರ್ಷವಿಡೀ ಶಿವನಸಮುದ್ರಕ್ಕೆ ನೀರು ಒದಗಿಸಿ ಗಣಿಯ ಕರೆಂಟನ್ನು ಕಾಯುವುದೂ ಆಗಿತ್ತು. ಕಟ್ಟೆಯ ಕೆಲಸ 1911ರಲ್ಲಿ ಶುರುವಾಯಿತು. ಮದರಾಸು ತಕರಾರು ತೆಗೆಯಿತು. 1914ರಲ್ಲಿ ನ್ಯಾಯಮೂರ್ತಿ ಗ್ರಿಫಿನ್ ಪಂಚಾಯ್ತಿ, 1924ರಲ್ಲಿ ಒಪ್ಪಂದ, ಆಮೇಲಿನ ಕಥೆ ನಮ್ಮ ರಸ್ತೆತಡೆಗಳಿಗೂ ನ್ಯಾಯಾಲಯಗಳಿಗೂ ಗೊತ್ತೇ ಇದೆ. ಕನ್ನಂಬಾಡಿ ಎಂಬ ಊರೂ ಅದರ ವೇಣುಗೋಪಾಲಸ್ವಾಮಿ ಗುಡಿಯೂ ನೀರಿನಡಿ ಹೋದವು. ಬರದ ವರ್ಷಗಳಲ್ಲಿ ಕಟ್ಟೆಯ ನೀರಿಳಿದಾಗ ಆ ಗುಡಿಯ ಕಲ್ಲುಗಳು ಮೇಲೆದ್ದು ಕಾಣುತ್ತಿದ್ದವು.

ತಂತಿಯ ಆ ತುದಿಯನ್ನು ನೋಡಲೆಂದೇ ನಾನೊಮ್ಮೆ ಕೋಲಾರದ ಗಣಿಯೂರು ಕೆಜಿಎಫ್‌ಗೆ ಹೋಗಿದ್ದೆ. ಗಣಿಯನ್ನು 2001ರ ಫೆಬ್ರುವರಿ 28ರಂದು ಮುಚ್ಚಿದ್ದರು. ಸುಮಾರು 120 ವರ್ಷಗಳಲ್ಲಿ ಅಲ್ಲಿಂದ 800 ಟನ್ನಿನಷ್ಟು ಚಿನ್ನ ಎದ್ದಿತ್ತು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳ ಇಳಿದಿತ್ತು. ಶುರುವಿನಲ್ಲಿ ಒಂದು ಟನ್ ಅದಿರಿಗೆ 47 ಗ್ರಾಂ ಚಿನ್ನ ಸಿಗುತ್ತಿತ್ತಂತೆ. ಕೊನೆಗೆ ಅದು ಸುಮಾರು 3 ಗ್ರಾಂಗೆ ಇಳಿದಿತ್ತು. ಹಾಗೆಂದರೆ ಎಂಟು ಗ್ರಾಮಿನ ಒಂದು ಪವನ್ ಚಿನ್ನಕ್ಕಾಗಿ ಎರಡೂವರೆ ಟನ್ನಿಗೂ ಹೆಚ್ಚು ಕಲ್ಲನ್ನು ಆಳದಿಂದ ಎತ್ತಿ, ಹಿಟ್ಟಿನಂತೆ ಅರೆದು, ಸೈನೈಡ್ ನೀರಿನಲ್ಲಿ ನೆನೆಸಬೇಕು. ಚಿನ್ನ ತೆಗೆದುಕೊಂಡ ಮೇಲೆ ಆ ಹಿಟ್ಟು ಎಲ್ಲಿಗೆ ಹೋಗಬೇಕು? ಎಲ್ಲಿಗೂ ಹೋಗಲಿಲ್ಲ. ಊರ ನಡುವೆಯೇ ಗುಡ್ಡವಾಯಿತು. ಅಂಥ 13 ಗುಡ್ಡಗಳಿವೆ, ಒಟ್ಟು ಸುಮಾರು 3.3 ಕೋಟಿ ಟನ್. ಊರವರು ಸೈನೈಡ್ ಗುಡ್ಡ ಎನ್ನುತ್ತಾರೆ.

ನಾನು ಹೋದದ್ದು ಗಾಳಿ ಏಳುವ ಕಾಲ. ಗುಡ್ಡದ ಮೈತುಂಬ ಮಳೆನೀರು ಕೊರೆದ ಕೊರಕಲುಗಳು. ಒಂದು ಹಿಡಿ ಎತ್ತಿಕೊಂಡೆ. ಹೊಳೆಮರಳಿನಂತೆ ಅದು ಅಂಗೈಯನ್ನು ಒತ್ತಲಿಲ್ಲ. ವಿಭೂತಿಯಂತೆ ಬೆರಳ ಗೆರೆಗಳೊಳಗೆ ಇಳಿದು ಕೂತಿತು. ಸೈನೈಡ್ ಬಿಸಿಲಿಗೆ ಕಾಲಕ್ರಮದಲ್ಲಿ ಒಡೆದುಹೋಗುತ್ತದೆ. ಈ ಪುಡಿ ಹೋಗುವುದಿಲ್ಲ. ಗಾಳಿ ಬೀಸಿತು, ಗುಡ್ಡದ ನೆತ್ತಿಯಿಂದ ಬಿಳಿಬೂದಿ ಬಣ್ಣದ ಸೆರಗೊಂದು ಎದ್ದು ಕೆಳಗಿನ ಲೈನ್ ಮನೆಗಳ ಕಡೆ ಇಳಿಯಿತು. ಕೊಳಾಯಿಯ ಮುಂದೆ ನಿಂತಿದ್ದ ಹೆಂಗಸೊಬ್ಬಳು ಕೊಡದ ಬಾಯಿಗೆ ತಟ್ಟೆ ಮುಚ್ಚಿ, ಅದರ ಮೇಲೆ ಒದ್ದೆ ಬಟ್ಟೆ ಹರವಿ, ಅದರ ಮೇಲೊಂದು ಕಲ್ಲಿಟ್ಟಳು. ಗಾಳಿಯ ಕಡೆ ತಿರುಗಿಯೂ ನೋಡಲಿಲ್ಲ. ಆ ಕೈಗಳಿಗೆ ಅದು ಬಾಗಿಲು ಹಾಕುವಷ್ಟೇ ಅಭ್ಯಾಸವಾಗಿತ್ತು.

ಆ ಮನೆಗಳಲ್ಲಿ ಇರುವವರು ಯಾರೆಂಬುದೂ ಇದೇ ಕಥೆಯ ಭಾಗ. ಗಣಿಯ ಆಳಕ್ಕೆ ಇಳಿದವರಲ್ಲಿ ಬಹುಪಾಲು ಜನ ಉತ್ತರ ಆರ್ಕಾಟಿನ ಕಡೆಯಿಂದ ಬಂದ ದಲಿತರು. ಕಲ್ಲಿನ ಧೂಳು ಕುಡಿದು ಸಿಲಿಕೋಸಿಸ್‌ನಿಂದ ಅವರ ಶ್ವಾಸಕೋಶ ಕಲ್ಲಾಯಿತು. ಬೆರಳಚ್ಚು ಕೊಟ್ಟು ಹೆಸರು ನೋಂದಾಯಿಸಬೇಕೆಂಬ ನಿಯಮದ ವಿರುದ್ಧ 1930ರಲ್ಲಿ ಸಾವಿರಾರು ಕಾರ್ಮಿಕರು 21 ದಿನ ಮುಷ್ಕರ ಹೂಡಿದರು. ಚಿನ್ನ ಲಂಡನ್ನಿಗೆ ಹೋಯಿತು, ಲಾಭಾಂಶ ಅಲ್ಲಿನ ಷೇರುದಾರರಿಗೆ ಹೋಯಿತು. ಗುಡ್ಡ ಇವರ ಪಾಲಿಗೆ ಉಳಿಯಿತು.

ಬುಡ್ಡಿ ಹೊಗೆಗೆ ಕಪ್ಪಾದ ನಮ್ಮಜ್ಜಿಯ ಗೂಡು, ಆ ಹೆಂಗಸು ಕೊಡದ ಮೇಲೆ ಮುಚ್ಚಿದ ಒದ್ದೆ ಬಟ್ಟೆ: ಒಂದೇ ತಂತಿಯ ಎರಡು ತುದಿಗಳು ಇವು. ವಿದ್ಯುತ್ತಿನ ಲೆಕ್ಕವನ್ನು ಒಂದು ಇಲಾಖೆ ಬರೆಯಿತು, ಚಿನ್ನದ ಲೆಕ್ಕವನ್ನು ಕಂಪನಿ ಬರೆಯಿತು. ಮುಳುಗಿದ ಊರು, ಕೆಟ್ಟ ಶ್ವಾಸಕೋಶ, ಕತ್ತಲಲ್ಲಿ ಉಳಿದ ಹಳ್ಳಿ, ಇವನ್ನು ಅದೇ ಪುಸ್ತಕದ ಖರ್ಚಿನ ಪುಟದಲ್ಲಿ ಯಾರೂ ಬರೆಯಲಿಲ್ಲ. ಬರೆದಿದ್ದರೆ ಚಿನ್ನ ಅಷ್ಟು ಅಗ್ಗಕ್ಕೆ ಸಿಕ್ಕಂತೆ ಕಾಣುತ್ತಿರಲಿಲ್ಲ.

ಹವಾಮಾನದ ಮಾತುಕತೆಯಲ್ಲಿ ಭಾರತ ಕೇಳುತ್ತಾ ಬಂದಿರುವುದು ಇದೇ ನ್ಯಾಯವನ್ನು. 1991ರಲ್ಲಿ ಅನಿಲ್ ಅಗರ್‌ವಾಲ್ ಮತ್ತು ಸುನೀತಾ ನಾರಾಯಣ್, ಬದುಕುವುದಕ್ಕಾಗಿ ಬಿಡುವ ಹೊಗೆಯನ್ನೂ ಭೋಗಕ್ಕಾಗಿ ಬಿಡುವ ಹೊಗೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ ಎಂದು ವಾದಿಸಿದರು. ಮರುವರ್ಷ ರಿಯೋ ಸಮಾವೇಶದಲ್ಲಿ ಸಹಿಗೆ ತೆರೆದ ಹವಾಮಾನ ಒಪ್ಪಂದವು, ಹೊಣೆ ಎಲ್ಲರದೂ ಹೌದು, ಆದರೆ ಸಮನಾದ ಹೊಣೆ ಅಲ್ಲ ಎಂಬುದನ್ನು ಒಪ್ಪಿಕೊಂಡಿತು. ಇಂದಿಗೂ ಒಬ್ಬ ಭಾರತೀಯನ ಪಾಲಿನ ಇಂಗಾಲದ ಡೈಆಕ್ಸೈಡ್ ವರ್ಷಕ್ಕೆ ಸುಮಾರು 2 ಟನ್. ಅಮೆರಿಕನ್ನನದು 14ರ ಆಸುಪಾಸು. ದೆಹಲಿಯಿಂದ ಹೋದವರು ಅಲ್ಲಿ ಆ ಮಾತು ಆಡುವಾಗ ನಾನೂ ಅವರ ಜೊತೆಗಿದ್ದೇನೆ. ಅದೇ ಮಾತನ್ನು ಬೆಂಗಳೂರು ಮಳವಳ್ಳಿಗೆ ಹೇಳಬೇಕಾಗಿದೆ.

ಏಕೆಂದರೆ ದಾರಿ ಬದಲಾಗಿಲ್ಲ. ಬೆಂಗಳೂರಿನ ಕಾವೇರಿ ನೀರು ಇಂದು ಹೊರಡುವುದು ಅದೇ ಶಿವನಸಮುದ್ರದ ಬಳಿಯ ಹೊಳೆಯಿಂದ, ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯ ಮೂಲಕ. ಸುಮಾರು 100 ಕಿ.ಮೀ. ದೂರ, 500 ಮೀಟರಿನಷ್ಟು ಎತ್ತರಕ್ಕೆ ಪಂಪುಗಳು ಅದನ್ನು ತಳ್ಳುತ್ತವೆ. 2024ರ ಅಕ್ಟೋಬರಿನಲ್ಲಿ ಶುರುವಾದ ಐದನೇ ಹಂತ ದಿನಕ್ಕೆ 77.5 ಕೋಟಿ ಲೀಟರ್ ಸೇರಿಸಿತು. ಕುಡಿಯುವ ನೀರಿಗೆ ಬೇಡವೆನ್ನುವವನು ನಾನಲ್ಲ. ಈಗ ಆ ನಗರಕ್ಕೆ ಡೇಟಾ ಸೆಂಟರುಗಳೂ ಬರುತ್ತಿವೆ. ನಾವು ಕೃತಕ ಬುದ್ಧಿಮತ್ತೆಗೆ ಒಂದು ಪ್ರಶ್ನೆ ಕೇಳಿದಾಗ ಉತ್ತರ ಮೋಡದಿಂದ ಉದುರುವುದಿಲ್ಲ. ಎಲ್ಲೋ ಒಂದು ಕಟ್ಟಡದಲ್ಲಿ ಸಾಲು ಸಾಲು ಕಂಪ್ಯೂಟರುಗಳು ಕಾಯುತ್ತವೆ. ಅವನ್ನು ತಣಿಸಲು ಮತ್ತೆ ಕರೆಂಟು ಬೇಕು, ಹಲವೆಡೆ ಆವಿಯಾಗಿ ಹೋಗುವ ನೀರೂ ಬೇಕು. ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಅಂದಾಜಿನಂತೆ 2024ರಲ್ಲಿ ಜಗತ್ತಿನ ವಿದ್ಯುತ್ತಿನ ಶೇ 1.5ರಷ್ಟನ್ನು ಡೇಟಾ ಸೆಂಟರುಗಳೇ ಬಳಸಿದವು. 2030ಕ್ಕೆ ಆ ಬಳಕೆ ಎರಡು ಪಟ್ಟು ದಾಟಲಿದೆ. ದೊಡ್ಡದೊಂದು ಕೇಂದ್ರಕ್ಕೆ 100 ಮೆಗಾವಾಟ್ ಬೇಕೆಂದರೆ ಅದು 1902ರ ಬ್ಲಫ್‌ನಂಥ 23 ವಿದ್ಯುದಾಗಾರಗಳ ಬಲ.

ಆ ಕರೆಂಟು ಸೂರ್ಯನಿಂದ ಬರಲಿ ಎನ್ನೋಣ. ತುಮಕೂರು ಜಿಲ್ಲೆಯ ಪಾವಗಡದಲ್ಲಿ 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೌರ ಪಾರ್ಕ್ ಇದೆ. ತಿರುಮಣಿ, ವಳ್ಳೂರು ಮೊದಲಾದ ಐದು ಊರುಗಳ ರೈತರಿಂದ ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಪಡೆದ ನೆಲ ಅದು. ಭೂಮಿಯನ್ನು ಕಿತ್ತುಕೊಳ್ಳದೆ ಗುತ್ತಿಗೆಗೆ ಪಡೆದದ್ದು ಕನ್ನಂಬಾಡಿಯ ಕಾಲಕ್ಕಿಂತ ನಾವು ಒಂದು ಹೆಜ್ಜೆ ಮುಂದೆ ಬಂದಿರುವುದರ ಗುರುತು. ಆದರೆ ಎಕರೆಯ ಲೆಕ್ಕದಲ್ಲಿ ಹಣ ಬರುವುದು ಎಕರೆ ಇದ್ದವರಿಗೆ. ಆ ಹೊಲಗಳಲ್ಲಿ ಕಡಲೆಕಾಯಿ ಕಿತ್ತು ಕೂಲಿ ಪಡೆಯುತ್ತಿದ್ದ, ಅಲ್ಲೇ ಕುರಿ ಮೇಯಿಸುತ್ತಿದ್ದ ಭೂಹೀನರಿಗೆ ಗುತ್ತಿಗೆಯ ಕಾಗದದಲ್ಲಿ ಜಾಗವಿಲ್ಲ.

ಹೊಸ ತಂತ್ರಜ್ಞಾನ ಬೇಡ ಎಂದು ಅಜ್ಜಿ ಒಂದು ದಿನವೂ ಹೇಳಲಿಲ್ಲ. ಅದು ತನ್ನ ಬಾಗಿಲನ್ನೂ ತಟ್ಟಲಿ ಎಂದಳು. ಇಂದು ಡೇಟಾ ಸೆಂಟರಿಗೆ ಅನುಮತಿ ಕೊಡುವಾಗ ಅದು ಕುಡಿಯುವ ನೀರೆಷ್ಟು, ಯಾವ ಹೊಳೆಯದು, ಕರೆಂಟು ಯಾರ ಹೊಲದ ಮೇಲೆ ಹಾದು ಬರುತ್ತದೆ, ಆ ಹೊಲದವರಿಗೂ ಅಲ್ಲಿ ಕೂಲಿ ಮಾಡುವವರಿಗೂ ಸಿಗುವುದೇನು, ಮೂಲೆಗೆ ಬಿದ್ದ ಯಂತ್ರಗಳನ್ನು ಕೊನೆಗೆ ಎಲ್ಲಿ ಸುರಿಯುತ್ತಾರೆ ಎಂಬುದನ್ನು ಒಂದೇ ಪುಸ್ತಕದಲ್ಲಿ ಬರೆದು ಊರ ಪಂಚಾಯ್ತಿಯ ಮುಂದಿಡುವ ಕಾನೂನು ಬೇಕು. ನಗರದಲ್ಲಿ ಕೂತು ಈ ಸೌಲಭ್ಯ ಉಣ್ಣುವ ನಾನೂ ಆ ಪುಸ್ತಕದ ಖರ್ಚಿನ ಪುಟಕ್ಕೆ ಹಣ ಕಟ್ಟಬೇಕಾದವನೇ.

ಕೆಜಿಎಫ್‌ನ ಸೈನೈಡ್ ಗುಡ್ಡಗಳಲ್ಲಿ ಇನ್ನೂ ಚಿನ್ನದ ಕಣಗಳಿವೆ. ಅವನ್ನು ಮತ್ತೆ ಸೋಸಿ ತೆಗೆಯುವ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ 2024ರಲ್ಲಿ ಒಪ್ಪಿಗೆ ಕೊಟ್ಟಿದೆ. ಹಾಗಾದರೆ ಆ ಪುಡಿಯನ್ನು ಎರಡನೇ ಸಲ ತೂಗುವ ದಿನ ಬರಲಿದೆ. ತಕ್ಕಡಿ ಇಡುವ ಮೊದಲು ಅಧಿಕಾರಿಗಳು ಲೈನ್ ಮನೆಗಳ ಕೊಳಾಯಿಯ ಬಳಿ ಒಂದು ಸಂಜೆ ನಿಲ್ಲಲಿ. ಗಾಳಿ ಎದ್ದಾಗ ಕೊಡದ ಮೇಲಿನ ಆ ಒದ್ದೆ ಬಟ್ಟೆ ಎಷ್ಟು ಹೊತ್ತಿಗೆ ಬೂದಿ ಬಣ್ಣಕ್ಕೆ ತಿರುಗುತ್ತದೆ ಎಂದು ನೋಡಿ, ಲೆಕ್ಕವನ್ನು ಅಲ್ಲಿಂದ ಶುರುಮಾಡಲಿ.