ಬೆಳಕನ್ನು ಆಳುವ ಕಿರುಪಟ್ಟಿಗಳು

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರೂ ಅವರ ತಂದೆತಾಯಿಗಳೂ ರಾತ್ರಿಯ ವೇಳೆ ನಯವಾದ ರೇಷ್ಮೆಯ ಕರವಸ್ತ್ರವೊಂದನ್ನು ಕಣ್ಣಿನ ಮುಂದೆ ಹಿಡಿದು, ದೂರದ ಬೀದಿಯ ದೀಪವನ್ನು ನೋಡಬೇಕು. ಒಂದೇ ದೀಪವು ಹಲವಾಗಿ ಕಾಣುವುದು. ಅವುಗಳ ಅಂಚಿನಲ್ಲಿ ಬಣ್ಣಗಳೂ ತೋರುವುವು. ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ ಫ್ರಾನ್ಸಿಸ್ ಹಾಪ್ಕಿನ್ಸನ್ ಎಂಬವರು ಇದನ್ನು ಕಂಡು, ಕಾರಣವೇನೆಂದು ಖಗೋಳಜ್ಞರಾದ ಡೇವಿಡ್ ರಿಟನ್‌ಹೌಸ್ ಅವರನ್ನು ಕೇಳಿದರು. ಅವರು 1785ರ ಸುಮಾರಿಗೆ ಎರಡು ತಿರುಪುಗಳ ಸುತ್ತುಗಳಲ್ಲಿ ಕೂದಲೆಳೆಗಳನ್ನು ಸಮದೂರದಲ್ಲಿ ಬಿಗಿದು ಪರೀಕ್ಷಿಸಿದರು. ಇಂತಹ ಸಾಲಿಗೆ ಗ್ರೇಟಿಂಗ್ ಎಂದು ಹೆಸರು.

ಇದರ ಮರ್ಮವು ಇಷ್ಟೇ. ಬೆಳಕು ಅಲೆಯಂತೆ ಸಾಗುತ್ತದೆ. ಒಂದು ಅಲೆಯ ಏರು ಮತ್ತೊಂದರ ಏರಿನೊಡನೆ ಕೂಡಿದರೆ ಬೆಳಕು ಹೆಚ್ಚುವುದು. ಏರು ಇಳಿತದೊಡನೆ ಕೂಡಿದರೆ ಬೆಳಕು ಅಡಗುವುದು. ಎಳೆಗಳ ಸಂದುಗಳಿಂದ ಹೊರಟ ಅಲೆಗಳು ಕೆಲವು ದಿಕ್ಕುಗಳಲ್ಲಿ ಮಾತ್ರ ಹೀಗೆ ಒಂದಾಗುತ್ತವೆ.

ರಿಟನ್‌ಹೌಸರ ಎಳೆಗಳು ಕದಲುತ್ತಿರಲಿಲ್ಲ. ಕದಲುವ ಗ್ರೇಟಿಂಗನ್ನು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಬ್ಲೂಮ್ ಅವರೂ ಅವರ ಶಿಷ್ಯರೂ 1990ರ ದಶಕದ ಆರಂಭದಲ್ಲಿ ನಿರ್ಮಿಸಿದರು. ಕಂಪ್ಯೂಟರಿನ ಚಿಪ್ಪುಗಳನ್ನು ಮಾಡುವ ರೀತಿಯಲ್ಲಿಯೇ ಸಿಲಿಕಾನ್ ಬಿಲ್ಲೆಯ ಮೇಲೆ ತೆಳುವಾದ ಪದರಗಳನ್ನು ಹರಡಿ, ಬೇಕಾದ ಆಕಾರಕ್ಕೆ ಕೊರೆದು, ಅಡಿಯ ಪದರವನ್ನು ಕರಗಿಸುತ್ತಾರೆ. ಆಗ ಸಿಲಿಕಾನ್ ನೈಟ್ರೈಡಿನ ಕಿರುಪಟ್ಟಿಗಳು ವೀಣೆಯ ತಂತಿಗಳ ಹಾಗೆ ಬಿಗಿದು ನಿಲ್ಲುತ್ತವೆ. ಅವುಗಳ ಮೇಲೆ ಹೊಳೆಯುವ ಅಲ್ಯುಮಿನಿಯಮಿನ ಲೇಪವಿರುವುದು.

ಪಟ್ಟಿಗಳೆಲ್ಲವೂ ಸಮನಾಗಿರುವಾಗ ಅವು ಕನ್ನಡಿಯಂತಿದ್ದು, ಬೆಳಕನ್ನು ಬಂದ ದಾರಿಯಲ್ಲಿಯೇ ಹಿಂದಿರುಗಿಸುತ್ತವೆ. ವಿದ್ಯುತ್ತಿನ ಆಕರ್ಷಣೆಯಿಂದ ಒಂದು ಬಿಟ್ಟು ಒಂದು ಪಟ್ಟಿಯನ್ನು ಅಲೆಯ ಉದ್ದದ ಕಾಲು ಪಾಲಿನಷ್ಟು ತಗ್ಗಿಸಿದರೆ, ಅಲ್ಲಿ ಬಿದ್ದ ಬೆಳಕು ಹೋಗುತ್ತಾ ಬರುತ್ತಾ ಅರ್ಧ ಅಲೆಯಷ್ಟು ಹಿಂದೆ ಬೀಳುವುದು. ಆದಕಾರಣ ನೇರವಾದ ಬೆಳಕು ಅಳಿದು, ಪಕ್ಕಗಳಿಗೆ ತಿರುಗುವುದು. ಹಸುರು ಬೆಳಕಿಗಾದರೆ ಈ ತಗ್ಗು ಸುಮಾರು 130 ನ್ಯಾನೋಮೀಟರು, ಅಂದರೆ ಕೂದಲಿನ ದಪ್ಪದ ಸುಮಾರು ಐನೂರರಲ್ಲಿ ಒಂದು ಪಾಲು. ವಿದ್ಯುತ್ತನ್ನು ತೆಗೆದೊಡನೆ ಪಟ್ಟಿಯು ತನ್ನ ಬಿಗಿತದಿಂದಲೇ ಮೇಲೇಳುವುದು. ನೇರವಾದ ಬೆಳಕನ್ನು ತಡೆದು, ಪಕ್ಕದ್ದನ್ನು ಮಾತ್ರ ತೆರೆಗೆ ಹಾಯಿಸಿದರೆ ಚಿತ್ರದ ಒಂದೊಂದು ಚುಕ್ಕೆಯನ್ನೂ ಬೆಳಗಿಸಬಹುದು, ನಂದಿಸಬಹುದು. 2005ರಲ್ಲಿ ಜಪಾನಿನ ಐಚಿ ಪ್ರದರ್ಶನದಲ್ಲಿ ಸೋನಿ ಸಂಸ್ಥೆಯವರು ಇಂತಹ ಪಟ್ಟಿಗಳಿಂದ 50 ಮೀಟರು ಅಗಲದ ತೆರೆಯ ಮೇಲೆ ಚಿತ್ರಗಳನ್ನು ತೋರಿಸಿದರು. ಮುದ್ರಣದ ಫಲಕಗಳನ್ನು ಸಿದ್ಧಪಡಿಸುವುದಕ್ಕೂ ಇವು ಉಪಯೋಗವಾಗಿವೆ.

ಹೆಣ್ಣುಮಕ್ಕಳಿಗೆ ಭೌತಶಾಸ್ತ್ರವೇಕೆ ಎಂದು ಕೇಳುವ ತಂದೆತಾಯಿಗಳು ಈಗಲೂ ಉಂಟು. ಈ ವಿದ್ಯೆಯು ಮೊದಲಾದದ್ದು ಕರವಸ್ತ್ರ, ಕೂದಲು ಎಂಬ ಮನೆಯ ವಸ್ತುಗಳಿಂದ, ಮತ್ತು ಕಂಡದ್ದಕ್ಕೆ ಕಾರಣವನ್ನು ಕೇಳಿದ ಒಬ್ಬರಿಂದ. ದೇವರು ಕೊಟ್ಟ ಬೆಳಕನ್ನು ನೋಡಿ ನಿಮ್ಮ ಮಗಳು ಏಕೆ ಎಂದು ಕೇಳಿದರೆ ಅವಳನ್ನು ಗದರಿಸಬೇಡಿರಿ. ಉತ್ತರವನ್ನು ಹುಡುಕುವಷ್ಟು ಕಾಲ ಅವಳನ್ನು ಶಾಲೆಯಲ್ಲಿ ಇರಗೊಡಿಸಿರಿ.