ಗಿಟಾರಿನೊಳಗೊಂದು ವೀಣೆ



ರಾಂಜಣಗಾಂವ ಎಂಐಡಿಸಿಯಲ್ಲಿ ಕೆಲಸ ಮಾಡುವ, ಪಾಳಿ ಮುಗಿದ ಮೇಲೆ ಗಿಟಾರ್ ಹಿಡಿಯುವ ಕನ್ನಡಿಗ ಗೆಳೆಯರೊಬ್ಬರ ಪ್ರಶ್ನೆ ಇದು: "ರಾಕ್ ಗಿಟಾರಿಸ್ಟುಗಳು ಒಬ್ಬರನ್ನೊಬ್ಬರು ಬಾಯ್ತುಂಬ ಹೊಗಳುತ್ತಾರಲ್ಲ, ಅದರಲ್ಲಿ ನಿಜವಾದ ಮೆಚ್ಚುಗೆ ಎಷ್ಟು?"

ಹೊಗಳಿಕೆಯನ್ನು ಬಿಡಿ, ವಾದ್ಯವನ್ನು ನೋಡಿ ಅಂತೀನಿ ನಾನು.

ಜಾನ್ ಮೆಕ್‌ಲಾಫ್ಲಿನ್ ಇಂಗ್ಲೆಂಡಿನವರು. 1971ರಲ್ಲಿ 'ಮಹಾವಿಷ್ಣು ಆರ್ಕೆಸ್ಟ್ರಾ' ಕಟ್ಟಿ, ಎಲೆಕ್ಟ್ರಿಕ್ ಗಿಟಾರಿನ ವೇಗದಿಂದ ರಾಕ್ ಕೇಳುವವರನ್ನೆಲ್ಲ ಬೆರಗುಗೊಳಿಸಿದವರು. ಅಷ್ಟು ಹೆಸರು ಬಂದ ಮೇಲೂ ಅವರು ಡಾ. ಎಸ್. ರಾಮನಾಥನ್ ಅವರ ಬಳಿ ಶಿಷ್ಯನಾಗಿ ಕೂತು ವೀಣೆ ಕಲಿತರು. ಆಗ ಎದುರಾಯಿತು ತೊಡಕು. ವೀಣೆಯಲ್ಲಿ ಲೋಹದ ಮೆಟ್ಟಿಲುಗಳನ್ನು ಮೇಣದ ಮೇಲೆ ಎತ್ತರಕ್ಕೆ ಕೂರಿಸಿರುತ್ತಾರೆ. ಎರಡು ಮೆಟ್ಟಿಲ ನಡುವೆ ಬೆರಳಿಗೆ ಸಿಗುವುದು ತಂತಿ ಮಾತ್ರ, ಕೆಳಗೆ ಟೊಳ್ಳು. ಅದಕ್ಕೇ ತಂತಿಯನ್ನು ಪಕ್ಕಕ್ಕೆ ಎಳೆದು ಗಮಕ ತೆಗೆಯುವುದು ಸಲೀಸು. ಗಿಟಾರಿನಲ್ಲಾದರೋ ಬೆರಳು ಮರಕ್ಕೆ ತಾಗುತ್ತದೆ, ಎಳೆತಕ್ಕೆ ತಡೆಯಾಗುತ್ತದೆ.

ಮೆಕ್‌ಲಾಫ್ಲಿನ್ ಏನು ಮಾಡಿದರು ಗೊತ್ತೆ? ತಮಗೆಂದೇ ಒಂದು ಅಕೌಸ್ಟಿಕ್ ಗಿಟಾರ್ ಮಾಡಿಸಿಕೊಂಡರು. ಫ್ರೆಟ್‌ಗಳ ನಡುವಿನ ಮರವನ್ನು ದೋಣಿಯ ಹೊಟ್ಟೆಯಂತೆ ಕೊರೆಸಿದರು. ಮಾಮೂಲಿ ಆರು ತಂತಿಗಳ ಕೆಳಗೆ ಓರೆಯಾಗಿ ಇನ್ನೂ ಏಳು ತಂತಿ ಹಾಯಿಸಿದರು, ಸಿತಾರಿನ ತರಬ್ ತಂತಿಗಳ ಹಾಗೆ ಅನುರಣಿಸಲು. ಎಲ್. ಶಂಕರ್ ಪಿಟೀಲು, ಜಾಕಿರ್ ಹುಸೇನ್ ತಬಲಾ, ವಿಕ್ಕು ವಿನಾಯಕರಾಮ್ ಘಟದ ಜೊತೆ 'ಶಕ್ತಿ' ತಂಡದಲ್ಲಿ ಅವರು ನುಡಿಸಿದ್ದು ಇದನ್ನೇ. 1976ರ ಅವರ ಮೊದಲ ಆಲ್ಬಮ್‌ನಲ್ಲೇ ಈ ದನಿ ಸಿಗುತ್ತದೆ. (ಅದೇ 'ಶಕ್ತಿ' 2023ರಲ್ಲಿ ತಂದ ಹೊಸ ಆಲ್ಬಮ್‌ಗೆ ಮರುವರ್ಷ ಗ್ರ್ಯಾಮಿ ಬಂತು. ತಡವಾಯಿತೇನೋ ಅನ್ನಿಸುತ್ತದೆ ನನಗೆ!)

ಪುಣೆಯವರಿಗೆ ಇದು ಹೊಸದಲ್ಲ ಬಿಡಿ. ನಮ್ಮ ಗದಗಿನ ಭೀಮಸೇನ ಜೋಶಿಯವರು ಹುಡುಗನಾಗಿದ್ದಾಗ ಅಬ್ದುಲ್ ಕರೀಮ್ ಖಾನರ ಗ್ರಾಮಫೋನ್ ತಟ್ಟೆ ಕೇಳಿ ಮರುಳಾದರು, ಗುರುವನ್ನು ಹುಡುಕಿಕೊಂಡು 1933ರಲ್ಲಿ ಮನೆಯನ್ನೇ ಬಿಟ್ಟು ಹೊರಟರು. ಕೊನೆಗೆ ಅವರಿಗೆ ಒಲಿದದ್ದು ಅದೇ ಖಾನ್ ಸಾಹೇಬರ ಶಿಷ್ಯ, ಕುಂದಗೋಳದ ಸವಾಯಿ ಗಂಧರ್ವರು. ಆ ಗುರುವಿನ ನೆನಪಿಗೆ 1953ರಲ್ಲಿ ಇಲ್ಲೇ ಶುರುವಾದ ಉತ್ಸವ ನಿಮಗೆ ಗೊತ್ತೇ ಇದೆ.

ಇನ್ನು ರಾಂಜಣಗಾಂವದ ಗೆಳೆಯರಿಗೆ ಒಂದು ಮಾತು. ಕಂಪನಿ ಬಸ್ಸಿನಲ್ಲಿ ಮರಳುವಾಗ 'ಶಕ್ತಿ' ಕೇಳಿ. ಮೊದಲ ಸಲ ಗಿಟಾರನ್ನು ಮಾತ್ರ ಹಿಂಬಾಲಿಸಿ. ಎರಡನೇ ಸಲ, ಪಿಟೀಲು ಮುಂದೆ ಬಂದಾಗ ಗಿಟಾರ್ ಎಲ್ಲೆಲ್ಲಿ ಸುಮ್ಮನಿರುತ್ತದೆ ಅನ್ನುವುದನ್ನು ಗಮನಿಸಿ.